ಗೋಳಿಬಜೆಯ ಅಸಲು ಎಷ್ಟು? ತಿಂಡಿ ಅಂಗಡಿಯ ಲೆಕ್ಕ ಮಕ್ಕಳಿಗೆ ಕಲಿಸುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮೂರಿನ ವಾಚನಾಲಯದ ಜಗಲಿಯಲ್ಲಿ, ಏಪ್ರಿಲ್-ಮೇ ರಜೆಯಲ್ಲಿ, ಹೈಸ್ಕೂಲು ಮತ್ತು ಪ್ಲಸ್ ಟು ಮಕ್ಕಳಿಗೆ ತಿಂಡಿ ಅಂಗಡಿಯ ಲೆಕ್ಕ ಹೇಳಿಕೊಡುತ್ತೇನೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಆಯನ (ದೇವಸ್ಥಾನದ ವಾರ್ಷಿಕ ಉತ್ಸವ), ಜಾತ್ರೆ, ಕಲೋತ್ಸವಗಳಲ್ಲಿ ಮಕ್ಕಳು ಒಂದು ಮೇಜು ಹಾಕಿ ಗೋಳಿಬಜೆ (ಮಂಗಳೂರು ಬಜ್ಜಿ), ಚರುಮುರಿ, ಸಂಭಾರ (ಮಸಾಲೆ ಮಜ್ಜಿಗೆ) ಮಾರುತ್ತಾರೆ. ಅದರ ಸುತ್ತ ಮಕ್ಕಳು, ಹೆತ್ತವರು, ಬೇರೆ ಶಾಲೆಯ ಟೀಚರುಗಳು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿರುವ ದರಗಳು ಪಾಠಕ್ಕೆ ಹಿಡಿದುಕೊಂಡವು. ನಿಮ್ಮ ಅಂಗಡಿಯ ದರ ಹಾಕಿ ಮತ್ತೆ ಲೆಕ್ಕ ಮಾಡಿಸಿ.

## ಶುರು ಮಾಡುವ ಮೊದಲು

ಎಷ್ಟನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿಕೊಡಬಹುದು?

ಎಂಟನೇ ಕ್ಲಾಸಿನಿಂದ ಮೇಲಿನವರಿಗೆ ಚೆನ್ನಾಗಿ ಹಿಡಿಯುತ್ತದೆ. ಲೆಕ್ಕ ಬರೆಯಲು ಅದಕ್ಕಿಂತ ಚಿಕ್ಕವರೂ ಕೂರಬಹುದು, ಆದರೆ ಕಾದ ಎಣ್ಣೆಯ ಹತ್ತಿರ ಬೇಡ. ನಮ್ಮಲ್ಲಿ ಬಾಣಲೆಯ ಮುಂದೆ ಯಾವಾಗಲೂ ಒಬ್ಬರು ದೊಡ್ಡವರು ನಿಲ್ಲುತ್ತಾರೆ, ಇದರಲ್ಲಿ ರಾಜಿ ಇಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನಲ್ಲೇ ನಿಷೇಧ. 1986ರ ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ ಇನ್ನೂ ಬಿಗಿಯಾಗಿದೆ. ನಾವು ಮಾಡುವುದು ಪಾಠ. ಮಕ್ಕಳ ಕೈಯಲ್ಲಿ ದುಡಿಸಿ ಗಳಿಸುವ ದಾರಿಯಾಗಿ ಅದನ್ನು ತಿರುಗಿಸಬಾರದು.

ನನ್ನ ಮಗನಿಗೆ ಗಣಿತ ಅಂದರೆ ತಲೆನೋವು. ಅವನಿಗೆ ಇದು ಆಗಬಹುದಾ?

ಆಗುತ್ತದೆ. ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟೇ ಬೇಕಾದದ್ದು. ಭಿನ್ನರಾಶಿ ಎಂದರೆ ಓಡುವ ಹುಡುಗನಿಗೆ ಅರ್ಧ ಕಡಿ ತೆಂಗಿನಕಾಯಿ, ಮುಕ್ಕಾಲು ಲೀಟರ್ ಮೊಸರು ಎಂದರೆ ವಿವರಿಸಬೇಕಾಗಿಲ್ಲ. ಅವನಿಗೆ ಕ್ಯಾಲ್ಕುಲೇಟರ್ ಕೊಟ್ಟುಬಿಡಿ. ಏನನ್ನು ಕೂಡಿಸಬೇಕು, ಯಾವುದನ್ನು ಬಿಡಬಾರದು ಎಂಬುದೇ ಇಲ್ಲಿಯ ಕಷ್ಟ, ಅದನ್ನು ಯಂತ್ರ ಹೇಳಿಕೊಡುವುದಿಲ್ಲ.

ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ. ಲೆಕ್ಕ ಯಾವ ಭಾಷೆಯಲ್ಲಿ ಬರೆಸುವುದು?

ಕನ್ನಡ ಮೀಡಿಯಂ ಮಕ್ಕಳಾದರೆ ಕನ್ನಡದಲ್ಲೇ. ಆದರೆ ಅಂಗಡಿಯವರು ‘ವರವು’, ‘ಚೆಲವು’ ಅಂದಾಗ ಅದು ಆದಾಯ, ಖರ್ಚು ಎಂದು ಮಕ್ಕಳಿಗೆ ಗೊತ್ತಿರಬೇಕು. ನಾನು ಮೊದಲ ದಿನವೇ ನಾಲ್ಕು ಮಾತು ಗಟ್ಟಿ ಮಾಡಿಸುತ್ತೇನೆ: ಅಸಲು, ಬೆಲೆ, ವ್ಯಾಪಾರ, ಲಾಭ. ಒಂದು ಪ್ಲೇಟ್ ತಯಾರಾಗಲು ಬಿದ್ದದ್ದು ಅಸಲು. ಗಿರಾಕಿ ಕೊಡುವುದು ಬೆಲೆ. ಸಂಜೆ ಡಬ್ಬಿಯಲ್ಲಿ ಸೇರಿದ್ದು ವ್ಯಾಪಾರ. ಅದರಲ್ಲಿ ಎಲ್ಲ ಖರ್ಚು ಕಳೆದು ನಿಂತದ್ದು ಲಾಭ. “ಟೀಚರ್, ಎರಡು ಸಾವಿರ ಲಾಭ!” ಎಂದು ಓಡಿಬರುವ ಮಕ್ಕಳು ಹೇಳುತ್ತಿರುವುದು ನಿಜವಾಗಿ ವ್ಯಾಪಾರವನ್ನು. ಈ ಎರಡು ಮಾತು ಬೇರೆಯಾದರೆ ಅರ್ಧ ಪಾಠ ಮುಗಿದ ಹಾಗೆ.

## ಅಸಲು ತೆಗೆಯುವುದು

ಒಂದು ಪ್ಲೇಟಿನ ಅಸಲು ತೆಗೆಯುವುದು ಹೇಗೆ? ಒಂದು ಉದಾಹರಣೆ ಕೊಟ್ಟು ಹೇಳಿ.

ಗೋಳಿಬಜೆಯನ್ನೇ ತೆಗೆದುಕೊಳ್ಳೋಣ. ಪ್ಲೇಟಿನಿಂದ ಶುರು ಮಾಡಬೇಡಿ, ಒಂದು ಸಲ ಕಲಸುವ ಹಿಟ್ಟಿನಿಂದ ಶುರು ಮಾಡಿ. ಒಂದು ಕಿಲೋ ಮೈದಾದ ಹಿಟ್ಟಿಗೆ ನಮ್ಮ ಲೆಕ್ಕ ಹೀಗಿತ್ತು:

ಮೈದಾ 1 ಕಿಲೋ: 50 ರೂ.
ಮೊಸರು 600 ಮಿ.ಲೀ.: 45 ರೂ.
ಹಸಿಮೆಣಸು, ಶುಂಠಿ, ಕರಿಬೇವಿನೆಲೆ: 20 ರೂ.
ಹಿಟ್ಟಿಗೆ ಹಾಕುವ ತೆಂಗಿನಕಾಯಿ ಚೂರು: 15 ರೂ.
ಉಪ್ಪು, ಸಕ್ಕರೆ, ಸೋಡಾ: 5 ರೂ.
ಖರ್ಚಾದ ತೆಂಗಿನೆಣ್ಣೆ 250 ಮಿ.ಲೀ. (ಲೀಟರಿಗೆ 400ರ ಹಾಗೆ): 100 ರೂ.
ಚಟ್ನಿ: 50 ರೂ.
ಗ್ಯಾಸ್: 25 ರೂ.
ಸಣ್ಣ ಅಡಿಕೆ ಹಾಳೆತಟ್ಟೆ 14: 21 ರೂ.
ಒಟ್ಟು: 331 ರೂ.

ಇದರಲ್ಲಿ ಎಷ್ಟು ಗೋಳಿಬಜೆ ಆಗುತ್ತದೆ ಎಂದು ಅಂದಾಜು ಹೇಳಬೇಡಿ, ಎಣಿಸಿ. ಮಕ್ಕಳು 75 ಆಗುತ್ತದೆ ಎಂದಿದ್ದರು. ಕರಿದು ಬುಟ್ಟಿಗೆ ಹಾಕಿ ಎಣಿಸಿದಾಗ ಸಿಕ್ಕಿದ್ದು 70. ಪಾತ್ರೆಯ ಅಂಚಿಗೆ ಅಂಟಿದ ಹಿಟ್ಟು, ಬಾಲ ಬಂದ ಒಂದೆರಡು, ‘ಬೆಂದಿದೆಯಾ’ ಎಂದು ರುಚಿ ನೋಡಿದವು, ಎಲ್ಲ ಅದರಲ್ಲೇ ಹೋಗಿದೆ. ಪ್ಲೇಟಿಗೆ 5ರ ಹಾಗೆ 14 ಪ್ಲೇಟ್. 331ನ್ನು 14ರಿಂದ ಭಾಗಿಸಿದರೆ 23 ರೂಪಾಯಿ 64 ಪೈಸೆ. 24 ಎಂದು ಹಿಡಿದುಕೊಳ್ಳಿ. ಅಸಲನ್ನು ಯಾವಾಗಲೂ ಮೇಲಕ್ಕೆ ಸರಿಸಿ, ಕೆಳಕ್ಕೆ ಬೇಡ.

ಮನೆಯ ತೆಂಗಿನಕಾಯಿಗೂ ದುಡ್ಡು ಬರೆಯಬೇಕಾ ಟೀಚರ್? ಅದಕ್ಕೆ ನಾವು ಏನೂ ಕೊಟ್ಟಿಲ್ಲವಲ್ಲ!

ಬರೆಯಬೇಕು. ಇಡೀ ಪಾಠದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಈ ಒಂದು ಪ್ರಶ್ನೆಯ ಮೇಲೆ.

ನಮ್ಮ ಮೊದಲ ಅಂಗಡಿಯಲ್ಲೇ ಇದು ಆಯಿತು. ಸ್ಥಳಕ್ಕೂ ಬಾಡಿಗೆ ಇರಲಿಲ್ಲ, ದೇವಸ್ಥಾನದ ಹತ್ತಿರ ಒಂದು ಮೇಜು. ಮಕ್ಕಳು ಪುಸ್ತಕದಲ್ಲಿ ಬರೆದದ್ದು ಮೈದಾ 50, ಮೊಸರು 45, ಮೆಣಸು-ಶುಂಠಿ 20, ತಟ್ಟೆ 21, ಒಟ್ಟು 136. ಪ್ಲೇಟಿಗೆ ಹತ್ತು ರೂಪಾಯಿ ಕೂಡ ಬೀಳಲಿಲ್ಲ ಎಂದು 20ಕ್ಕೆ ಮಾರಿದರು. 14 ಪ್ಲೇಟಿಗೆ 280 ಬಂತು. “144 ಲಾಭ” ಎಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಬರೆದಿದ್ದರು. ಎಣ್ಣೆ ಒಬ್ಬಳ ಮನೆಯಿಂದ ಬಂದಿತ್ತು, ಹಿಟ್ಟಿಗೂ ಚಟ್ನಿಗೂ ತೆಂಗಿನಕಾಯಿ ಇನ್ನೊಬ್ಬನ ತೋಟದ್ದು, ಗ್ಯಾಸ್ ವಾಚನಾಲಯದ್ದು, ಉಪ್ಪು ನನ್ನ ಅಡುಗೆಮನೆಯದು. ಬರೆಯದೆ ಬಿಟ್ಟದ್ದು 195 ರೂಪಾಯಿ. ಅದನ್ನು ಸೇರಿಸಿದರೆ ಖರ್ಚು 331, ಬಂದದ್ದು 280. ಲಾಭ ಎಂದುಕೊಂಡ ಜಾಗದಲ್ಲಿ 51 ರೂಪಾಯಿ ನಷ್ಟ. ಅದನ್ನು ತುಂಬಿದವರು ಈ ನಾಲ್ಕು ಕಡೆಯವರು, ಅವರಿಗೇ ತಿಳಿಯದ ಹಾಗೆ. ನಾನು ಆ ದಿನ ಪುಸ್ತಕ ನೋಡಿದ್ದು ಕಡೆಗೆ. ಮೊದಲೇ ನೋಡಿ ಕೇಳಬೇಕಿತ್ತು.

ಯಾವ ದರ ಬರೆಯುವುದು ಎಂದರೆ, ತೋಟದಲ್ಲಿ ಕಾಯಿ ಹೆಚ್ಚಿದ್ದು ಮಾರುವ ಮನೆಯಾದರೆ ಅಂಗಡಿಯವರು ಕಿಲೋಗೆ ಕೊಡುವ ದರ ಹಾಕಿ. ಮಕ್ಕಳು ಕಾಯಿ ಒಯ್ದದ್ದರಿಂದ ಅಮ್ಮ ಮರುದಿನ ಸಾರಿಗೆ ಅಂಗಡಿಯಿಂದ ತರಬೇಕಾದರೆ ಕೊಳ್ಳುವ ದರ ಹಾಕಿ. ಒಂದೇ ಕಾಯಿಗೆ ಎರಡು ಮನೆಯಲ್ಲಿ ಎರಡು ದರ ಏಕೆ ಎಂದು ಮಕ್ಕಳು ಚರ್ಚೆಗೆ ಇಳಿಯುತ್ತಾರೆ. ಇಳಿಯಲಿ, ಒಂದು ಗಂಟೆ ಹೋದರೂ ಪರವಾಗಿಲ್ಲ.

ಬಾಣಲೆಗೆ ಒಂದು ಲೀಟರ್ ಎಣ್ಣೆ ಹಾಕಿದ್ದೇವೆ. ಅಷ್ಟನ್ನೂ ಖರ್ಚಿಗೆ ಬರೆಯುವುದಾ?

ಹಾಕಿದ್ದು ಕಳೆ ಉಳಿದದ್ದು. ಕರಿಯುವ ಮೊದಲು ಅಳೆದು ಹಾಕಿ. ಮುಗಿದ ಮೇಲೆ ಪೂರ್ತಿ ತಣಿಯಲು ಬಿಟ್ಟು, ಸೋಸಿ, ಮತ್ತೆ ಅಳೆಯಿರಿ. ನಮ್ಮಲ್ಲಿ 750 ಮಿ.ಲೀ. ಉಳಿಯಿತು, ಹಾಗಾಗಿ 250 ಖರ್ಚು. ಆದರೆ ಉಳಿದ ಎಣ್ಣೆ ಬಳಸುವ ಹಾಗಿದ್ದರೆ ಮಾತ್ರ ಈ ಲೆಕ್ಕ. ಕಪ್ಪಾಗಿ, ನೊರೆ ಬಂದು, ಕಮಟು ವಾಸನೆ ಹೊಡೆದರೆ ಅದು ಚೆಲ್ಲುವ ಎಣ್ಣೆ, ಇಡೀ ಲೀಟರನ್ನೂ ಅಂದಿನ ಖರ್ಚಿಗೇ ಬರೆಯಬೇಕು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಕೆಟ್ಟಂತೆ ಅದರಲ್ಲಿ ಹುಟ್ಟುವ ವಸ್ತುಗಳು) ಹೆಚ್ಚುತ್ತವೆ. ಅವು ಶೇ. 25 ದಾಟಿದರೆ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಎಣ್ಣೆ ಉಳಿಸುವ ಆಸೆಗೆ ಜನರ ಹೊಟ್ಟೆ ಕೆಡಿಸುವ ಲೆಕ್ಕವನ್ನು ಮಕ್ಕಳಿಗೆ ನಾವು ಕಲಿಸುವುದು ಬೇಡ.

ಗ್ಯಾಸ್ ಎಷ್ಟು ಉರಿಯಿತು ಎಂದು ಗೊತ್ತಾಗುವುದು ಹೇಗೆ?

ತೂಗಿ. ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ವ್ಯತ್ಯಾಸವೇ ಉರಿದ ಗ್ಯಾಸ್. 5 ಕಿಲೋದ ಸಣ್ಣ ಸಿಲಿಂಡರ್ ಆದರೆ ತೂಗುವುದು ಸುಲಭ. ಮನೆಯ 14.2 ಕಿಲೋದ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಅಂಗಡಿಯವರಿಗೆ 19 ಕಿಲೋದ್ದು ಬೇರೆಯೇ ಇದೆ, ಅದರ ದರವೂ ಹೆಚ್ಚು. ಅಸಲು ಬರೆಯುವಾಗ ಆ ಹೆಚ್ಚಿನ ದರವನ್ನೇ ಹಾಕಿಸಿ.

ಅಮ್ಮ ಕಡೆದುಕೊಟ್ಟ ಚಟ್ನಿಗೆ, ನಾವು ನಿಂತು ದುಡಿದದ್ದಕ್ಕೆ ಸಂಬಳ ಹಾಕಬೇಕಾ?

ಹಣ ಕೊಡದಿದ್ದರೂ ಗಂಟೆ ಬರೆಯಬೇಕು. ಪುಸ್ತಕದ ಕೊನೆಯ ಪುಟದಲ್ಲಿ ಹೆಸರು, ಎಷ್ಟು ಹೊತ್ತು, ಇಷ್ಟೇ. ದಿನದ ಲಾಭವನ್ನು ಒಟ್ಟು ಗಂಟೆಗಳಿಂದ ಭಾಗಿಸಿದರೆ ಒಂದು ಗಂಟೆಗೆ ಎಷ್ಟು ದಕ್ಕಿತು ಎಂದು ತಿಳಿಯುತ್ತದೆ. ಮೂವರು ನಾಲ್ಕು ಗಂಟೆ ನಿಂತು 460 ಉಳಿಸಿದರೆ ಗಂಟೆಗೆ 38 ರೂಪಾಯಿ. ಅದಕ್ಕೆ ಅಮ್ಮ ಬೆಳಗ್ಗೆ ಎದ್ದು ತೆಂಗಿನಕಾಯಿ ಕೆರೆದ ಎರಡು ಗಂಟೆ ಸೇರಿಸಿದರೆ 33ಕ್ಕೆ ಇಳಿಯುತ್ತದೆ. ಅಮ್ಮನ ಹೆಸರನ್ನು ಮಕ್ಕಳು ಬರೆಯುವುದೇ ಇಲ್ಲ. ನಾನು ಪ್ರತಿಸಲ ಕೇಳಿ ಬರೆಸುತ್ತೇನೆ.

## ಬೆಲೆ ಇಡುವುದು

ಅಸಲಿನ ಎರಡರಷ್ಟು ಬೆಲೆ ಇಟ್ಟರೆ ಸಾಕು ಅಂತ ಹೇಳುತ್ತಾರಲ್ಲ, ಅದು ಸರಿಯಾ?

ಕೆಲವು ತಿಂಡಿಗೆ ಸರಿ ಹೋಗಬಹುದು, ಎಲ್ಲಕ್ಕೂ ಅಲ್ಲ. 24ರ ಗೋಳಿಬಜೆಗೆ 48 ಎಂದರೆ ನಮ್ಮ ಕಡೆಯ ಜಾತ್ರೆಯಲ್ಲಿ ಗಿರಾಕಿ ಪಕ್ಕದ ಗೂಡಂಗಡಿಗೆ ಹೋಗುತ್ತಾನೆ. 5ರ ಅಸಲಿನ ಸಂಭಾರಕ್ಕೆ 10 ಇಟ್ಟರೆ ಬಿಸಿಲಿನ ದಿನ ಸಿಗಬಹುದಾದದ್ದನ್ನು ಬಿಟ್ಟುಕೊಟ್ಟ ಹಾಗೆ, 15 ಕೊಡುವವರು ಇದ್ದಾರೆ. ಮೊದಲು ಅಸಲು ತಿಳಿಯಿರಿ, ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಆಮೇಲೆ ಸುತ್ತಮುತ್ತ ನಾಲ್ಕು ಕಡೆ ಕೇಳಿ ಬನ್ನಿ, ಜನ ಎಷ್ಟು ಕೊಡುತ್ತಾರೆ ಎಂದು ಗೊತ್ತಾಗುತ್ತದೆ. ಇವೆರಡರ ನಡುವೆ, ಚಿಲ್ಲರೆಗೆ ಪರದಾಡದ ಒಂದು ಅಂಕಿ ಆರಿಸಿಕೊಳ್ಳಿ. ನಮ್ಮ ಮಕ್ಕಳು 40 ಇಟ್ಟರು.

ಒಬ್ಬಳು ಶೇಕಡಾ 66 ಲಾಭ ಅಂದಳು, ಇನ್ನೊಬ್ಬ 40 ಅಂದ. ಯಾರದ್ದು ಸರಿ?

ಇಬ್ಬರದ್ದೂ. 24ರದ್ದನ್ನು 40ಕ್ಕೆ ಮಾರಿದರೆ ಉಳಿಯುವುದು 16. ಅಸಲಿನ ಮೇಲೆ ನೋಡಿದರೆ 16/24, ಹತ್ತಿರ ಹತ್ತಿರ ಶೇ. 67. ಬೆಲೆಯ ಮೇಲೆ ನೋಡಿದರೆ 16/40, ಶೇ. 40. ಶಾಲೆಯ ಪುಸ್ತಕ ಅಸಲಿನ ಮೇಲೆ ಹೇಳಿಸುತ್ತದೆ. ಅಂಗಡಿ ನಡೆಸುವವರಿಗೆ ಎರಡನೆಯದು ಹೆಚ್ಚು ಉಪಯೋಗ, ಸಂಜೆ ಡಬ್ಬಿಯಲ್ಲಿರುವ ಪ್ರತಿ ನೂರರಲ್ಲಿ ಎಷ್ಟು ತಮ್ಮದು ಎಂದು ಅದು ಹೇಳುತ್ತದೆ. ಯಾವುದರ ಮೇಲೆ ಎಂದು ಹೇಳದೆ ಬರೀ ಶೇಕಡಾ ಹೇಳಲು ಬಿಡಬೇಡಿ.

ಎಷ್ಟು ಪ್ಲೇಟ್ ಹೋದರೆ ಕೈಯಿಂದ ಹೋಗುವುದಿಲ್ಲ?

ಒಂದು ಪ್ಲೇಟ್ ಮಾರಿದರೂ ನೂರು ಮಾರಿದರೂ ಕೊಡಲೇಬೇಕಾದ ಖರ್ಚನ್ನು ಮೊದಲು ಬೇರೆ ಬರೆಯಿರಿ. ಕುಂಬಳೆ ಬೆಡಿಯಂತಹ (ಕುಂಬಳೆ ದೇವಸ್ಥಾನದ ಜಾತ್ರೆಯ ಸಿಡಿಮದ್ದು) ಜನ ಸೇರುವ ಜಾಗಕ್ಕೆಂದು ನಾವು ಹಾಕಿಕೊಂಡ ಲೆಕ್ಕದಲ್ಲಿ ಸ್ಥಳ ಮತ್ತು ಮೇಜಿಗೆ 200, ರಿಕ್ಷಾಕ್ಕೆ 200, ಲೈಟಿಗೆ 70, ಬಾಣಲೆಯ ಪಾಲು 30, ಒಟ್ಟು 500. (1200ಕ್ಕೆ ಕೊಂಡ ಬಾಣಲೆ 40 ದಿನದ ಅಂಗಡಿಗೆ ಬರುತ್ತದೆ ಎಂದು ಹಿಡಿದರೆ ದಿನಕ್ಕೆ 30.)

40ಕ್ಕೆ ಮಾರಿದರೆ ಪ್ಲೇಟಿಗೆ 16 ಉಳಿಯುತ್ತದೆ. 500ನ್ನು 16ರಿಂದ ಭಾಗಿಸಿದರೆ 31.25, ಅಂದರೆ 32ನೇ ಪ್ಲೇಟಿನಿಂದ ಲಾಭ. 35ಕ್ಕೆ ಮಾರಿದರೆ 46 ಪ್ಲೇಟ್ ಬೇಕು. 30ಕ್ಕೆ ಇಳಿಸಿದರೆ 84. ಬೆಲೆಯಲ್ಲಿ ಹತ್ತು ರೂಪಾಯಿ ಇಳಿದದ್ದಕ್ಕೆ ಎರಡೂವರೆ ಪಟ್ಟಿಗಿಂತ ಹೆಚ್ಚು ಮಾರಬೇಕಾಯಿತು. ‘ಕಡಿಮೆ ಬೆಲೆ ಇಟ್ಟು ಜಾಸ್ತಿ ಮಾರುವ’ ಎಂದು ಹಟ ಹಿಡಿದಿದ್ದ ಹುಡುಗ ಈ ಮೂರು ಅಂಕಿಗಳನ್ನು ತಾನೇ ಬೋರ್ಡಿನಲ್ಲಿ ಬರೆದು, ಸ್ವಲ್ಪ ಹೊತ್ತು ನೋಡುತ್ತಾ ನಿಂತು, “84 ಪ್ಲೇಟ್ ಯಾರು ಕರಿಯುವುದು?” ಎಂದು ಕೇಳಿದ.

ಸಂಜೆ ಉಳಿದದ್ದಕ್ಕೆ ಹೇಗೆ ಲೆಕ್ಕ? ಮಾರಿದ್ದಕ್ಕೆ ಮಾತ್ರ ಅಸಲು ಹಾಕಿದರೆ ಸಾಲದಾ?

ಸಾಲದು. ಮಾಡಿದ್ದಕ್ಕೆಲ್ಲ ಖರ್ಚು ಆಗಿದೆ. 60 ಪ್ಲೇಟ್ ಕರಿದು 60 ಮಾರಿದರೆ ವ್ಯಾಪಾರ 2400, ಖರ್ಚು 1440 ಮತ್ತು 500, ಉಳಿಕೆ 460. ಅದೇ 60 ಕರಿದು 10 ಉಳಿದರೆ ವ್ಯಾಪಾರ 2000, ಖರ್ಚು ಅಷ್ಟೇ, ಉಳಿಕೆ 60. ಹತ್ತೇ ಪ್ಲೇಟ್ ನಾನೂರು ರೂಪಾಯಿಯನ್ನು ತಿಂದಿತು. ಗೋಳಿಬಜೆ ಮರುದಿನ ಮಾರುವ ವಸ್ತುವಲ್ಲ. ಆದ್ದರಿಂದ ಹಿಟ್ಟನ್ನು ಎರಡು-ಮೂರು ಸಲ ಸ್ವಲ್ಪ ಸ್ವಲ್ಪ ಕಲಸಿ. ಯಕ್ಷಗಾನ ಆಟ ಇರುವ ರಾತ್ರಿಯಾದರೆ ಜನ ಯಾವಾಗ ಎದ್ದು ಚಾ ಕುಡಿಯಲು ಬರುತ್ತಾರೆ ಎಂದು ಗಮನಿಸಿ, ಅದಕ್ಕೆ ಸ್ವಲ್ಪ ಮೊದಲು ಬಾಣಲೆ ಇಡಿ.

ಗೆಳೆಯರು ಬಂದು ಫ್ರೀ ಕೊಡು ಅಂತಾರೆ. ಕೊಡಬಾರದಾ?

ಕೊಡಬಹುದು, ಬರೆದು ಕೊಡಿ. ‘ಫ್ರೀ 4 ಪ್ಲೇಟ್, 96 ರೂ.’ ಎಂದು ಅಸಲಿನಲ್ಲಿ ಬರೆದರೆ ಸಾಕು. ಬರೆಯಬೇಕೆಂದಾದ ಮೇಲೆ ಎಷ್ಟು ಜನಕ್ಕೆ ಕೊಡುವುದು ಎಂದು ಮಕ್ಕಳೇ ಮೊದಲೇ ಮಾತಾಡಿಕೊಳ್ಳುತ್ತಾರೆ.

## ಅಂಗಡಿ ಇಟ್ಟ ದಿನ

ರಾತ್ರಿ ಎಣಿಸಿದಾಗ ಲೆಕ್ಕ ತಾಳೆಯಾಗುವುದೇ ಇಲ್ಲ. ಏನು ಮಾಡುವುದು?

ಬೆಳಗ್ಗೆ ಡಬ್ಬಿಗೆ ಹಾಕಿದ ಚಿಲ್ಲರೆಯನ್ನು ಬರೆದಿಟ್ಟಿದ್ದೀರಾ ನೋಡಿ. 500 ರೂಪಾಯಿಯ ಹತ್ತು-ಇಪ್ಪತ್ತರ ನೋಟು ಹಾಕಿ ಮರೆತುಬಿಟ್ಟರೆ ರಾತ್ರಿ ಅದೂ ವ್ಯಾಪಾರ ಎಂದು ಕಾಣುತ್ತದೆ. ಎರಡನೆಯದು ಫೋನಿಗೆ ಬಂದ ಹಣ. ಕ್ಯೂಆರ್ ಸಾಮಾನ್ಯವಾಗಿ ಯಾರಾದರೂ ದೊಡ್ಡವರದ್ದು, ಅವರ ಖಾತೆಗೆ ಬೇರೆ ಹಣವೂ ಬರುತ್ತಿರುತ್ತದೆ. ಪ್ರತಿ ಪ್ಲೇಟಿಗೆ ಪುಸ್ತಕದಲ್ಲಿ ಒಂದು ಗೆರೆ ಎಳೆಯಿರಿ, ಫೋನಿನಲ್ಲಿ ಕೊಟ್ಟರೆ ಗೆರೆಗೆ ಸುತ್ತು ಹಾಕಿ. ಡಬ್ಬಿ ಮತ್ತು ಫೋನು ಕೂಡಿಸಿ, ಚಿಲ್ಲರೆ ಕಳೆದು, ಗೆರೆ ಗುಣಿಸು 40ಕ್ಕೆ ಹೋಲಿಸಿ. ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸ ಬಂದರೆ ಯಾರನ್ನೂ ಅನುಮಾನಿಸಬೇಡಿ, ಬಂದ ವ್ಯತ್ಯಾಸವನ್ನು ಹಾಗೇ ಬರೆಯಿರಿ. ಸೇರಿಸಿ ಸರಿ ಮಾಡುವ ಅಭ್ಯಾಸ ಮಾತ್ರ ಬೇಡ.

ಪರವಾನಗಿ, ಟ್ಯಾಕ್ಸ್ ಏನಾದರೂ ಉಂಟಾ?

ತಾತ್ಕಾಲಿಕ ತಿಂಡಿ ಅಂಗಡಿಯೂ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಸಣ್ಣ ವ್ಯಾಪಾರವೇ, ಅದಕ್ಕೆ ನೋಂದಣಿ ಇದೆ. ದೊಡ್ಡವರೊಬ್ಬರ ಹೆಸರಲ್ಲಿ ಮಾಡಿಸಿ, ಶುಲ್ಕವನ್ನು ಬಾಣಲೆಯ ಹಾಗೆ ದಿನಗಳಿಗೆ ಹಂಚಿ. ಸಾಮಾನು ಕೊಂಡ ಬೆಲೆಯಲ್ಲೇ ಜಿಎಸ್‌ಟಿ ಸೇರಿರುತ್ತದೆ, ಬಿಲ್ಲಿನ ಕೊನೆಯ ಮೊತ್ತ ಬರೆದರೆ ಮುಗಿಯಿತು. ಕೇರಳದಲ್ಲಿ 2020ರ ಜನವರಿಯಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಇಲ್ಲ, ನ್ಯೂಸ್‌ಪೇಪರಿನಲ್ಲಿ ತಿಂಡಿ ಕಟ್ಟುವುದೂ ಸಲ್ಲದು. ನಮ್ಮ ಊರಿನ ಅಡಿಕೆ ಹಾಳೆ, ಬಾಳೆಲೆ ಇರುವಾಗ ಆ ಚಿಂತೆ ಯಾಕೆ?

## ಸ್ವಲ್ಪ ಮುಂದಿನವು

ಪ್ಲೇಟಿಗೆ 24 ಅಂತೀರಿ. ಆದರೆ ಸಾಮಾನು ತರಲು ಹೋದಾಗ ಕೈಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹಣ ಬೇಕಾಯಿತಲ್ಲ?

ಅಸಲು ಬೇರೆ, ಕೈಯಲ್ಲಿ ಇರಬೇಕಾದ ಹಣ ಬೇರೆ. ಖರ್ಚಾಗುವುದು 250 ಮಿ.ಲೀ. ಎಣ್ಣೆಯಾದರೂ ಬಾಣಲೆ ತುಂಬಲು ಒಂದು ಲೀಟರೇ ಬೇಕು. ಅಸಲಿನಲ್ಲಿ 100, ಜೇಬಿನಿಂದ 400. ಬಾಣಲೆಯೂ ಹಾಗೇ, ಲೆಕ್ಕದಲ್ಲಿ ದಿನಕ್ಕೆ 30, ಕೊಳ್ಳುವ ದಿನ 1200. ಮಕ್ಕಳಿಗೆ ಎರಡು ಪಟ್ಟಿ ಮಾಡಿಸಿ: ‘ಇವತ್ತು ಕೊಡಬೇಕಾದದ್ದು’, ‘ಇವತ್ತು ಖರ್ಚಾದದ್ದು’. ಲೆಕ್ಕದಲ್ಲಿ ಲಾಭವಿದ್ದೂ ಎರಡನೇ ದಿನ ಮೈದಾ ತರಲು ಹಣವಿಲ್ಲದೆ ಕೂತವರನ್ನು ಕಂಡಿದ್ದೇನೆ. ಅದು ದೊಡ್ಡವರ ಅಂಗಡಿಗಳಲ್ಲೂ ಆಗುತ್ತದೆ.

ಗೋಳಿಬಜೆ ಪ್ಲೇಟಿಗೆ 16 ಉಳಿಯುತ್ತದೆ, ಸಂಭಾರಕ್ಕೆ 10. ಹಾಗಾದರೆ ಗೋಳಿಬಜೆ ಮಾತ್ರ ಮಾಡಿದರೆ ಒಳ್ಳೆಯದಲ್ವಾ?

ಬಾಣಲೆಯನ್ನು ಕೇಳಿ ನೋಡಿ. ನಮ್ಮದರಲ್ಲಿ ಒಂದು ಒಬ್ಬೆಗೆ (ಒಂದು ಸಲ ಹಾಕಿ ಕರಿಯುವುದಕ್ಕೆ) 20, ಅಂದರೆ 4 ಪ್ಲೇಟ್. ಹಾಕಿ ತೆಗೆಯಲು ಆರು ನಿಮಿಷ. ಗಂಟೆಗೆ 40 ಪ್ಲೇಟಿಗಿಂತ ಹೆಚ್ಚು ಆಗುವುದಿಲ್ಲ. ಸಂಭಾರಕ್ಕೆ ಒಲೆಯೇ ಬೇಡ. 70 ರೂಪಾಯಿಯ ಒಂದು ಲೀಟರ್ ಮೊಸರಿಗೆ ನೀರು ಸೇರಿಸಿ ಕಡೆದು, ಹತ್ತು ರೂಪಾಯಿಯ ಶುಂಠಿ, ಮೆಣಸು, ಇಂಗು ಹಾಕಿದರೆ 20 ಲೋಟ. ಲೋಟದ ಖರ್ಚು ಸೇರಿ 5 ಬೀಳುತ್ತದೆ. ಬಾಣಲೆಗೆ ಕಾಯುತ್ತಾ ನಿಂತವರು ಸಂಭಾರ ಕುಡಿಯುತ್ತಾರೆ, ಅದರಿಂದ ಬರುವ 10 ಹೆಚ್ಚಿನದೇ. ಹಗಲಿನ ಜಾತ್ರೆಗೆ ಎರಡೂ ಇರಲಿ. ಮಕರ ಮಾಸದ ರಾತ್ರಿಯ ಚಳಿಯಲ್ಲಿ ಸಂಭಾರ ಯಾರಿಗೂ ಬೇಡ, ಆಗ ಚಾದ ಅಸಲು ತೆಗೆಯಿರಿ.

ತೆಂಗಿನೆಣ್ಣೆ ದರ ಏರಿದಾಗ ಬೆಲೆ ಏರಿಸುವುದಾ, ಗೋಳಿಬಜೆ ಸಣ್ಣದು ಮಾಡುವುದಾ, ಬೇರೆ ಎಣ್ಣೆ ಹಾಕುವುದಾ?

2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿದಾಗಿನಿಂದ ಈ ಪ್ರಶ್ನೆ ನಿಂತಿಲ್ಲ. ಗಾಬರಿಯಾಗುವ ಮೊದಲು ಪ್ಲೇಟಿಗೆ ಎಷ್ಟು ಬಿತ್ತು ನೋಡಿ. ಎಣ್ಣೆ 400ರಿಂದ 480ಕ್ಕೆ ಏರಿದರೆ ಒಂದು ಹಿಟ್ಟಿಗೆ 20 ರೂಪಾಯಿ ಹೆಚ್ಚು, ಪ್ಲೇಟಿಗೆ ಒಂದೂವರೆ. ಅಷ್ಟಕ್ಕೆ ಬೆಲೆಯನ್ನು 50 ಮಾಡಲು ಹೊರಟಿದ್ದರು ನಮ್ಮ ಮಕ್ಕಳು. ಲೀಟರಿಗೆ 160ರ ಬೇರೆ ಎಣ್ಣೆಯಾದರೆ ಪ್ಲೇಟಿಗೆ ನಾಲ್ಕು ರೂಪಾಯಿಯಷ್ಟು ಉಳಿಯುತ್ತದೆ ನಿಜ, ಆದರೆ ನಮ್ಮೂರಿನವರಿಗೆ ಪರಿಮಳದಲ್ಲೇ ಗೊತ್ತಾಗುತ್ತದೆ. ಹೇಳದೆ ಬದಲಾಯಿಸುವುದು, ಹೇಳದೆ ಸಣ್ಣದು ಮಾಡುವುದು ಎರಡೂ ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಎರಡು ದಿನ ಚರ್ಚೆ ಮಾಡಿ 40ರಲ್ಲೇ ನಿಂತರು, ಅಸಲಿನ ಪುಟದಲ್ಲಿ 24ನ್ನು ಹೊಡೆದು 25½ ಎಂದು ಬರೆದರು, ರಟ್ಟಿನ ಬೋರ್ಡಿನಲ್ಲಿ ಬೆಲೆಯ ಕೆಳಗೆ ‘ತೆಂಗಿನೆಣ್ಣೆಯಲ್ಲಿ ಕರಿದದ್ದು’ ಎಂದು ಸೇರಿಸಿದರು.